ಕಸುಬು ಬಿಟ್ಟವನನ್ನು ಕಾಯುವವರು

‘ಬಾಲ್ಡರ್ಸ್ ಗೇಟ್ 2’ ಆಟದಲ್ಲಿ ಪಾತ್ರದ ವಿವರ ತೋರಿಸುವ ಪುಟದ ಮೇಲೆ ‘ಡ್ಯುಯಲ್ ಕ್ಲಾಸ್’ ಎಂಬ ಗುಂಡಿಯೊಂದಿದೆ. ಅದನ್ನು ಒತ್ತಿದವರಿಗೆ ಮೊದಲು ಆಗುವುದು ಗಾಬರಿ. ಒಂಬತ್ತನೇ ಲೆವೆಲ್‌ವರೆಗೆ ಕಾದಾಡಿ ಬಂದ ಖಡ್ಗವೀರ ಕಣ್ಣು ಮಿಟುಕಿಸುವಷ್ಟರಲ್ಲಿ ಮೊದಲ ಲೆವೆಲ್‌ನ ಮಾಂತ್ರಿಕನಾಗಿ ನಿಂತಿರುತ್ತಾನೆ. ಕತ್ತಿ ಮುಟ್ಟುವಂತಿಲ್ಲ. ಕೈಯಲ್ಲಿರುವ ಕೋಲು ಯಾರಿಗೂ ತಾಗುವುದಿಲ್ಲ. ದಕ್ಕಿರುವುದು ದಿನಕ್ಕೊಂದು ಮಂತ್ರ. ಅದನ್ನು ಒಮ್ಮೆ ಪ್ರಯೋಗಿಸಿದರೆ ಮಲಗಿ ಎದ್ದು ಮತ್ತೆ ಬಾಯಿಪಾಠ ಮಾಡಿಕೊಳ್ಳಬೇಕು. ಹಳೆಯ ಕಾಲದ್ದೆಂದು ಉಳಿದಿರುವುದು ಮೈಕಟ್ಟು ಮಾತ್ರ, ಪೆಟ್ಟು ತಿನ್ನುವ ತಾಕತ್ತು.

ನಾನು ಇದನ್ನು ಮೊದಲು ಮಾಡಿದ್ದು ಹಾಸ್ಟೆಲಿನಲ್ಲಿ, ಗೆಳೆಯನ ಕಂಪ್ಯೂಟರಿನಲ್ಲಿ, ಅವನ ಕಣ್ಣೆದುರಿಗೇ. ‘ಚೆನ್ನಾಗಿದ್ದ ಆಳನ್ನು ಹಾಳು ಮಾಡಿಬಿಟ್ಟೆಯಲ್ಲೋ’ ಎಂದು ಅವನು ನಿಜಕ್ಕೂ ಸಿಟ್ಟಾದ. ಅವನ ಸಿಟ್ಟಿನಲ್ಲಿ ನ್ಯಾಯವಿತ್ತು. ಮುಂದಿನ ಎರಡು ವಾರ ನನ್ನ ನಾಯಕ ಆಟದಲ್ಲಿ ಮಾಡಿದ್ದೇನೆಂದರೆ ಬೇರೆಯವರ ಬೆನ್ನ ಹಿಂದೆ ನಿಂತದ್ದು. ಆದರೂ ಇಷ್ಟು ವರ್ಷಗಳ ಮೇಲೆ ಆ ಆಟದಿಂದ ನೆನಪಿನಲ್ಲಿ ಉಳಿದಿರುವುದು ಆ ಎರಡು ವಾರವೇ. ಇವತ್ತಿನ ಆಟಗಳು ಆ ಎರಡು ವಾರವನ್ನು ಆಟಗಾರನಿಗೆ ಆಗಬಾರದ ತೊಂದರೆ ಎಂದು ಕಂಡು ತೆಗೆದುಹಾಕಿವೆ. ಹಾಗೆ ತೆಗೆದದ್ದು ಸರಿಯಲ್ಲ ಎಂಬುದು ನನ್ನ ತಕರಾರು.

ಈ ಆಟಗಳ ಪರಿಚಯ ಇಲ್ಲದವರಿಗೆ ಒಂದು ಮಾತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಮೇಜಿನ ಸುತ್ತ ಕೂತು, ಕಾಗದ, ಪೆನ್ಸಿಲ್, ದಾಳ ಹಿಡಿದು ಆಡುವ ಆಟ. ಅದರಲ್ಲಿ ಪ್ರತಿಯೊಬ್ಬನಿಗೂ ಒಂದು ‘ಕ್ಲಾಸ್’: ಯೋಧ, ಮಾಂತ್ರಿಕ ಅಥವಾ ಪೂಜಾರಿ. ಕಳ್ಳ ಬಂದದ್ದು ಮರುವರ್ಷ. ಕಂಪ್ಯೂಟರಿನ ಪಾತ್ರಾಭಿನಯದ ಆಟಗಳೆಲ್ಲ ಹೆಚ್ಚುಕಡಿಮೆ ಇದೇ ಬೇರಿನಿಂದ ಚಿಗುರಿದವು. ಈ ‘ಕ್ಲಾಸ್’ ಪದಕ್ಕೆ ಕನ್ನಡದಲ್ಲಿ ಏನನ್ನಬೇಕು? ‘ವರ್ಗ’ ಎಂದರೆ ಸರ್ಕಾರಿ ಅರ್ಜಿಯ ವಾಸನೆ, ‘ವೃತ್ತಿ’ ಎಂದರೆ ಸಂಬಳದ ಚೀಟಿ. ನನಗೆ ಒಪ್ಪುವುದು ‘ಕಸುಬು’. ಕೈಗೆ ಅಂಟಿಕೊಂಡದ್ದು, ಕಲಿಯಲು ಕಾಲ ಹಿಡಿಯುವಂಥದ್ದು. ಅದರ ಹಿಂದೆ ‘ಕುಲ’ ಎಂಬ ಇನ್ನೊಂದು ಪದ ಸದ್ದಿಲ್ಲದೆ ನಿಂತಿರುತ್ತದೆ ಎನ್ನುವುದೂ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಏಕೆಂದರೆ ಹಳೆಯ ನಿಯಮಗಳಲ್ಲಿ ಕುಲ ಇತ್ತು. 1998ರ ಮೊದಲ ‘ಬಾಲ್ಡರ್ಸ್ ಗೇಟ್’ ಮತ್ತು 2000ದ ಎರಡನೆಯದು, ಎರಡೂ ಅನುಸರಿಸಿದ್ದು ಮೇಜಿನ ಆಟದ 1989ರ ಎರಡನೇ ಆವೃತ್ತಿಯ ಕಟ್ಟಳೆಯನ್ನು. ಅದರ ಪ್ರಕಾರ ಕಸುಬು ಬಿಟ್ಟು ಇನ್ನೊಂದಕ್ಕೆ ಹೋಗುವ ಹಕ್ಕು ಮನುಷ್ಯರಿಗೆ ಮಾತ್ರ. ಕುಳ್ಳರಾದ ಡ್ವಾರ್ಫ್ ಕುಲದಲ್ಲಿ ಹುಟ್ಟಿದವನು ಮಾಂತ್ರಿಕನಾಗುವಂತೆಯೇ ಇಲ್ಲ. ಎಲ್ಫ್ ಎರಡು ಕಸುಬನ್ನು ಒಟ್ಟಿಗೆ ನಡೆಸಬಹುದು, ಆದರೆ ಹುಟ್ಟಿದಂದೇ ಅದನ್ನು ಆರಿಸಿಕೊಂಡು, ಗಳಿಸಿದ ಅನುಭವವನ್ನು ಕೊನೆಯವರೆಗೂ ಎರಡಕ್ಕೂ ಹಂಚುತ್ತ ಹೋಗಬೇಕು. ಮನುಷ್ಯನಿಗಾದರೂ ಬಾಗಿಲು ಪೂರ್ತಿ ತೆರೆದಿರಲಿಲ್ಲ. ಬಿಡುವ ಕಸುಬಿಗೆ ಬೇಕಾದ ಮುಖ್ಯ ಗುಣ ಅವನಲ್ಲಿ ಹುಟ್ಟಿನಿಂದ 15 ಇರಬೇಕು, ಹಿಡಿಯುವ ಕಸುಬಿನದು 17.

ನಮ್ಮ ಕಡೆಯ ಓದುಗರಿಗೆ ಇದರಲ್ಲಿ ಏನು ಕಾಣುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹುಟ್ಟು ಇಂಥದ್ದಾದ್ದರಿಂದ ಕೆಲಸ ಇಂಥದ್ದು ಎಂಬ ವಾದವನ್ನು ಕೋಟೆ, ಡ್ರ್ಯಾಗನ್‌ಗಳ ನಡುವೆ ನೋಡಿದಾಗ ಅದು ಆಟ ಎಂದು ನಕ್ಕುಬಿಡಬಹುದು. ಆದರೆ ಪೂರ್ತಿ ನಗು ಬರುವುದಿಲ್ಲ. ಹಳೆಯ ಆಟಗಳಲ್ಲಿ ಎಲ್ಲ ಎಷ್ಟು ಕಠಿಣ, ಎಷ್ಟು ಗಂಭೀರ ಎಂದು ಕೊಂಡಾಡುವವರು ಇನ್ನೊಂದು ವಿಷಯವನ್ನು ಹೇಳುವುದಿಲ್ಲ. ಪಾತ್ರ ಸೃಷ್ಟಿಸುವ ಪುಟದಲ್ಲಿ ‘ರೀರೋಲ್’ ಎಂಬ ಗುಂಡಿ ಇತ್ತು. ಬಂದ ಗುಣಾಂಕಗಳು ಹಿಡಿಸದಿದ್ದರೆ ಒತ್ತು, ಮತ್ತೆ ಒತ್ತು. ಅರ್ಧ ರಾತ್ರಿ ಅದನ್ನೇ ಒತ್ತುತ್ತ ಕೂತವರನ್ನು ಕಂಡಿದ್ದೇನೆ; ಅವರಲ್ಲಿ ನಾನೂ ಒಬ್ಬ. ಮಾಡಿದ ಆಯ್ಕೆಯನ್ನು ಹಿಂದೆಗೆದುಕೊಳ್ಳುವಂತಿಲ್ಲ ಎಂದು ಎದೆ ತಟ್ಟಿಕೊಳ್ಳುವ ನಾವು ನಮ್ಮ ಹುಟ್ಟನ್ನೇ ನೂರು ಸಲ ಹಿಂದೆಗೆದುಕೊಂಡು ಹೊರಟವರು.

ಹಾಗಾಗಿ 2000ದಲ್ಲಿ ಬಂದ ಮೂರನೇ ಆವೃತ್ತಿ ಈ ಕುಲದ ಕಟ್ಟನ್ನು ಕಿತ್ತೆಸೆದಾಗ ಮಾಡಿದ್ದು ಒಳ್ಳೆಯ ಕೆಲಸ. ಯಾರು ಬೇಕಾದರೂ ಏನು ಬೇಕಾದರೂ ಆಗಬಹುದು. ಅದನ್ನು ಆಧರಿಸಿ 2002ರಲ್ಲಿ ಬಂದ ‘ನೆವರ್‌ವಿಂಟರ್ ನೈಟ್ಸ್’ ಆಟದಲ್ಲಿ ಒಬ್ಬನೇ ಮೂರು ಕಸುಬಿನವರೆಗೆ ಹಿಡಿಯಬಹುದಿತ್ತು. ಆದರೆ ಕಳೆ ಕೀಳುವ ಭರದಲ್ಲಿ ಪೈರಿಗೂ ಕೈ ಹಾಕಿದರು. ಹೊಸ ಲೆಕ್ಕದಲ್ಲಿ ಒಂಬತ್ತನೇ ಲೆವೆಲ್‌ನ ಯೋಧ ಮುಂದಿನ ಲೆವೆಲ್‌ಗೆ ಮಾಂತ್ರಿಕನ ಕಸುಬು ಆರಿಸಿದರೆ ಅವನು ಒಂಬತ್ತರ ಯೋಧನೂ ಹೌದು, ಒಂದರ ಮಾಂತ್ರಿಕನೂ ಹೌದು. ಕತ್ತಿ ಕೈಯಲ್ಲೇ ಇದೆ. ನಿನ್ನೆಗಿಂತ ಇವತ್ತು ಅವನು ಒಂದಿಷ್ಟೂ ದುರ್ಬಲನಲ್ಲ. ಬುಟ್ಟಿಗೆ ಇನ್ನೊಂದು ಸಾಮಾನು ಹಾಕಿಕೊಂಡ, ಅಷ್ಟೆ. ಅನ್ಯಾಯ ಹೋಯಿತು, ಅದರ ಜೊತೆ ಅಸಹಾಯಕತೆಯೂ ಹೋಯಿತು. ಮೊದಲನೆಯದು ಹೋಗಬೇಕಾಗಿತ್ತು. ಎರಡನೆಯದು ಅದಕ್ಕೆ ಅಂಟಿಕೊಂಡಿದ್ದ ಬೇರೆಯದೇ ವಸ್ತು.

ಆ ಅಸಹಾಯಕತೆಯನ್ನು ಅಂಕಿಗಳಲ್ಲಿ ನೋಡೋಣ. ‘ಬಾಲ್ಡರ್ಸ್ ಗೇಟ್ 2’ರಲ್ಲಿ ಯೋಧ ಒಂಬತ್ತನೇ ಲೆವೆಲ್ ಮುಟ್ಟಲು 2,50,000 ಅನುಭವಾಂಕ ಬೇಕು. ಆಗ ಅವನು ಮಾಂತ್ರಿಕನಾದರೆ ಹಳೆಯ ವಿದ್ಯೆ ಮರಳುವುದು ಹೊಸ ಕಸುಬಿನ ಲೆವೆಲ್ ಹಳೆಯದನ್ನು ದಾಟಿದ ಮೇಲೆ, ಅಂದರೆ ಹತ್ತರಲ್ಲಿ. ಅದಕ್ಕೆ ಮತ್ತೆ 2,50,000. ತಮಾಷೆಯೆಂದರೆ ಮಾಂತ್ರಿಕ ಒಂಬತ್ತನೇ ಮೆಟ್ಟಿಲಿಗೆ 1,35,000ದಲ್ಲಿ ಬಂದುಬಿಡುತ್ತಾನೆ. ಕೊನೆಯ ಒಂದು ಮೆಟ್ಟಿಲೇ ಹತ್ತಿರಹತ್ತಿರ ಅರ್ಧ ದಾರಿ. ಇನ್ನೂ ಆಸೆಬುರುಕರು ಹದಿಮೂರನೇ ಲೆವೆಲ್‌ವರೆಗೆ ಕತ್ತಿ ಹಿಡಿದು ಆಮೇಲೆ ಬದಲಾಗುತ್ತಾರೆ. ಆಗ ಲೆಕ್ಕ 12,50,000 ಮತ್ತು 15,00,000, ಒಟ್ಟು 27,50,000. ವಿಸ್ತರಣೆ ಬರುವ ಮೊದಲು ಆ ಆಟದಲ್ಲಿ ಗಳಿಸಬಹುದಾದ ಅನುಭವಾಂಕದ ಮಿತಿಯೇ 29,50,000! ಎರಡು ವಿದ್ಯೆಯೂ ಕೈಗೆ ಬರುವ ಹೊತ್ತಿಗೆ ಅವುಗಳನ್ನು ತೋರಿಸಲು ಶತ್ರುಗಳೇ ಉಳಿದಿರುವುದಿಲ್ಲ.

ಇಷ್ಟು ಅಂಕವನ್ನು ಒಂದು ಮಂತ್ರದ ಮಾಂತ್ರಿಕ ಗಳಿಸುವುದು ಹೇಗೆ? ಅವನು ಗಳಿಸುವುದಿಲ್ಲ. ತಂಡ ಗಳಿಸುತ್ತದೆ. ಆಟಗಾರರು ‘ಪಾರ್ಟಿ’ ಎನ್ನುವ ಈ ತಂಡದಲ್ಲಿ ಆರು ಜನ. (ನಮ್ಮಲ್ಲಿ ಪಾರ್ಟಿ ಬದಲಿಸುವವರು ಬಹಳ, ಕಸುಬು ಬದಲಿಸುವವರು ಕಡಿಮೆ, ಇಲ್ಲಿ ಪಾರ್ಟಿಯಲ್ಲಿದ್ದುಕೊಂಡೇ ಕಸುಬು ಬದಲಿಸುತ್ತಾರೆ.) ಶತ್ರು ಬಿದ್ದಾಗ ಸಿಗುವ ಅಂಕ ಆರು ಜನಕ್ಕೂ ಸಮಪಾಲಾಗಿ ಹಂಚಿಹೋಗುತ್ತದೆ. ಕೊಂದವನಿಗೂ ಅಷ್ಟೇ, ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದವನಿಗೂ ಅಷ್ಟೇ. ಈ ಒಂದು ನಿಯಮ ಇಲ್ಲದಿದ್ದರೆ ಕಸುಬು ಬದಲಿಸುವ ನಿಯಮ ಬರೀ ಶಿಕ್ಷೆಯಾಗಿ ಉಳಿಯುತ್ತಿತ್ತು. ಮುಂದೆ ನಿಂತು ಏಟು ತಿನ್ನುವವನು ಮಿನ್ಸ್ಕ್, ಬೂ ಎಂಬ ಪುಟ್ಟ ಹ್ಯಾಮ್‌ಸ್ಟರನ್ನು ಜೊತೆಗಿಟ್ಟುಕೊಂಡು ತಿರುಗುವ ಆ ಅರೆಮರುಳ ಯೋಧ. ಗಾಯಕ್ಕೆ ಮದ್ದು ಮಾಡುವವಳು ಜಹೀರಾ. ಇವರು ದುಡಿದದ್ದರಲ್ಲಿ ನಿಮ್ಮ ನಾಯಕ ಉಣ್ಣುತ್ತಾನೆ. ಜಗತ್ತನ್ನು ಉಳಿಸಬೇಕಾದವನು ಈಗ ತಂಡದ ಅತಿ ನಿಷ್ಪ್ರಯೋಜಕ ಮನುಷ್ಯ.

ಆಟಗಳ ಬಗ್ಗೆ ಬರೆಯುವವರು ಕಸುಬು ಬದಲಾವಣೆಯನ್ನು ಯಾವಾಗಲೂ ಆಟಗಾರನ ಸ್ವಾತಂತ್ರ್ಯದ ಪ್ರಶ್ನೆಯಾಗಿ ನೋಡುತ್ತಾರೆ. ಬದಲಾಗಲು ಬಿಡಬೇಕೇ, ಬಿಡಬಾರದೇ? ಬಿಟ್ಟರೆ ಎಷ್ಟು ದಂಡ? ನನಗೆ ಮುಖ್ಯ ಎನ್ನಿಸುವುದು ದಂಡ ಎಷ್ಟು ಎನ್ನುವುದಲ್ಲ, ಅದನ್ನು ಹೊರುವವರು ಯಾರು ಎನ್ನುವುದು. ಪರಿಚಯದವರೊಬ್ಬರು ನಲವತ್ತು ದಾಟಿದ ಮೇಲೆ ಬ್ಯಾಂಕಿನ ಕೆಲಸ ಬಿಟ್ಟು ವಕೀಲಿಕೆ ಓದಲು ಹೋದರು. ಅವರ ಧೈರ್ಯವನ್ನು ಎಲ್ಲರೂ ಹೊಗಳಿದರು. ಆ ಮೂರು ವರ್ಷ ಮನೆ ನಡೆದದ್ದು ಅವರ ಹೆಂಡತಿಯ ಸಂಬಳದಲ್ಲಿ. ಕಸುಬು ಬಿಡುವವನು ಒಬ್ಬನೇ ಬಿಡಬಹುದು, ಹೊಸದು ಕೈ ಹತ್ತುವವರೆಗೆ ಅವನನ್ನು ಕಾಯುವುದಕ್ಕೆ ಬೇರೆಯವರು ಬೇಕು. ‘ಬಾಲ್ಡರ್ಸ್ ಗೇಟ್ 2’ ಇದನ್ನು ಒಂದು ಮಾತೂ ಆಡದೆ, ಬರೀ ಲೆಕ್ಕದಲ್ಲಿ ತೋರಿಸಿತು.

ಅದೇ ಆಟ ಇನ್ನೊಂದು ಕಡೆ ಜಾಣತನದಿಂದ ಜಾರಿಕೊಂಡಿದೆ ಎನ್ನುವುದನ್ನೂ ಹೇಳಬೇಕು. ನಾಯಕನ ಜೊತೆ ಬೆಳೆದ ಇಮೋಎನ್ ಮೊದಲ ಆಟದಲ್ಲಿ ಕಳ್ಳಿ, ಎರಡನೆಯದರಲ್ಲಿ ಸಿಗುವ ಹೊತ್ತಿಗೆ ಮಾಂತ್ರಿಕೆ. ಅವಳು ಬೀಗ ತೆಗೆಯುವುದನ್ನು ಬಿಟ್ಟು ಮಂತ್ರದ ಪುಸ್ತಕ ಹಿಡಿದ ಆ ನಡುಗಾಲ, ಯಾರ ಬೆನ್ನ ಹಿಂದೆ ನಿಂತು ಕಲಿತಳು ಎಂಬುದು, ಎರಡು ಆಟಗಳ ಮಧ್ಯದ ಸಂದಿಯಲ್ಲಿ ಬಿದ್ದುಹೋಗಿದೆ. ಕತೆ ಹೇಳುವವರಿಗೂ ಅದು ಬೇಸರದ ಭಾಗವೇ.

ಮೇಜಿನ ಆಟದ ಮೂಲ ನಿಯಮ ಇನ್ನೂ ಸೊಗಸಾಗಿತ್ತು. ಕಂಪ್ಯೂಟರ್ ಹಳೆಯ ವಿದ್ಯೆಗೆ ಬೀಗ ಹಾಕಿಬಿಡುತ್ತದೆ. ಮೇಜಿನ ಆಟ ಹಾಕುವುದಿಲ್ಲ. ಕತ್ತಿ ಎತ್ತಬೇಕೆನ್ನಿಸಿದರೆ ಎತ್ತು. ಆದರೆ ಆ ಕಾದಾಟದಿಂದ ನಿನಗೆ ಸಿಗುವ ಅನುಭವ ಸೊನ್ನೆ, ಆ ಇಡೀ ಸಾಹಸದ ಗಳಿಕೆಯೂ ಅರ್ಧ. ಇದನ್ನು ಓದಿದಾಗ ನನಗೆ ತಕ್ಷಣ ನೆನಪಾದದ್ದು ವಿಶ್ವಾಮಿತ್ರ. ರಾಜನ ಕಸುಬು ಬಿಟ್ಟು ಋಷಿಯ ಕಸುಬಿಗೆ ಹೊರಟವನು. ಕತೆಯುದ್ದಕ್ಕೂ ಅವನ ಪಾಡು ಇದೇ ತಾನೇ: ವರ್ಷಗಟ್ಟಲೆ ಕೂಡಿಟ್ಟ ತಪಸ್ಸು, ಒಂದು ಗಳಿಗೆ ಹಳೆಯ ರಾಜ ಮೈಮೇಲೆ ಬಂದು ಸಿಟ್ಟು ಮಾಡಿದರೆ ಎಲ್ಲ ಕರಗಿ ಸೊನ್ನೆ. ಮತ್ತೆ ಮೊದಲಿನಿಂದ. ನಿಯಮ ಬರೆದವರು ಈ ಕತೆ ಕೇಳಿದ್ದರೆಂದು ನಾನು ಹೇಳುತ್ತಿಲ್ಲ. ಹೊಸದನ್ನು ಕಲಿಯುವವನಿಗೆ ಅಡ್ಡ ಬರುವುದು ದಡ್ಡತನಕ್ಕಿಂತ ಹೆಚ್ಚಾಗಿ ಹಳೆಯ ಜಾಣತನ ಎಂದು ಎರಡೂ ಕಡೆಯವರಿಗೆ ಗೊತ್ತಿತ್ತು, ಅಷ್ಟೆ.

ಜಪಾನಿನವರು ಈ ಪ್ರಶ್ನೆಗೆ ಬೇರೆ ದಾರಿಯಿಂದ ಬಂದರು. ಯೂಜಿ ಹೋರಿ ರೂಪಿಸಿದ ‘ಡ್ರ್ಯಾಗನ್ ಕ್ವೆಸ್ಟ್ 3’ 1988ರಲ್ಲಿ ಬಂತು. ಅದರಲ್ಲಿ ಕಸುಬು ಬದಲಿಸಲೆಂದೇ ಒಂದು ದೇವಾಲಯವಿದೆ. ಅದರ ಜಪಾನೀ ಹೆಸರು ‘ದಾಮಾ’. ನಮ್ಮ ಕಿವಿಗೆ ಅದು ‘ಧಮ್ಮ’, ‘ಧರ್ಮ’ ಎಂದೇ ಕೇಳಿಸುತ್ತದೆ. ಸ್ವಧರ್ಮ ಬಿಡಬೇಡ ಎಂಬ ಬೋಧನೆಯನ್ನು ಕೇಳಿಕೊಂಡೇ ಬೆಳೆದ ನಮಗೆ, ಆ ಹೆಸರಿನ ಗುಡಿಯೊಂದು ಧರ್ಮ ಬದಲಿಸಿಕೊಡುವ ಕಚೇರಿಯಾಗಿರುವುದು ಚೋದ್ಯ. ಇಪ್ಪತ್ತನೇ ಲೆವೆಲ್ ಮುಟ್ಟಿದವರು ಅಲ್ಲಿಗೆ ಹೋಗಬಹುದು. ಲೆವೆಲ್ ಒಂದಕ್ಕೆ ಇಳಿಯುತ್ತದೆ, ಬಲ, ಚುರುಕು ಮೊದಲಾದ ಗುಣಾಂಕಗಳು ಅರ್ಧವಾಗುತ್ತವೆ, ಕಲಿತ ಮಂತ್ರಗಳು ಉಳಿಯುತ್ತವೆ. ಅರ್ಧ ಎಂಬುದು ನನಗೆ ಬಹಳ ಇಷ್ಟ. ಎಲ್ಲ ಮರೆತುಹೋಗುವುದೂ ಸುಳ್ಳು, ಎಲ್ಲ ಉಳಿಯುವುದೂ ಸುಳ್ಳು. ಕತೆಯ ನಾಯಕನಿಗೆ ಮಾತ್ರ ಈ ಗುಡಿಯಿಂದ ಉಪಯೋಗವಿಲ್ಲ. ಅವನು ಹುಟ್ಟಿದ್ದೇ ನಾಯಕನಾಗಿ, ಸಾಯುವುದೂ ಹಾಗೆಯೇ.

ಈ ಆಟದ ಅತಿ ದೊಡ್ಡ ಕಸುಬು ಜ್ಞಾನಿಯದು. ಮಾಂತ್ರಿಕನ ಮಂತ್ರ, ಪೂಜಾರಿಯ ಮಂತ್ರ ಎರಡೂ ಅವನ ಕೈಯಲ್ಲಿ. ಜ್ಞಾನಿಯಾಗಬೇಕೆಂದರೆ ‘ಸತೋರಿ’ಯ ಗ್ರಂಥ ಹುಡುಕಿ ತರಬೇಕು, ಸತೋರಿ ಎಂದರೆ ಝೆನ್ ಪಂಥದವರು ಹೇಳುವ ಸಾಕ್ಷಾತ್ಕಾರ. ಆದರೆ ಒಂದು ಕಸುಬಿನವರಿಗೆ ಆ ಗ್ರಂಥ ಬೇಕಿಲ್ಲ. ಅವರು ಯಾರೆಂದರೆ ಉಂಡಾಡಿಗಳು. ಹೌದು, ‘ಉಂಡಾಡಿ’ ಎಂಬುದೂ ಅಲ್ಲೊಂದು ಕಸುಬು. ಕಾದಾಟದ ನಡುವೆ ಹೇಳಿದ ಮಾತು ಕೇಳದೆ ತನ್ನ ಪಾಡಿಗೆ ತಾನು ಚೇಷ್ಟೆ ಮಾಡಿಕೊಂಡು, ಹಾಸ್ಯ ಹೇಳಿಕೊಂಡು ಇರುವವನು. ಯಾವ ಕೆಲಸಕ್ಕೂ ಬಾರದ ಇವನನ್ನು ಇಪ್ಪತ್ತನೇ ಲೆವೆಲ್‌ವರೆಗೆ ಬೆಳೆಸಿ ದೇವಾಲಯಕ್ಕೆ ಕರೆದೊಯ್ದರೆ ನೇರವಾಗಿ ಜ್ಞಾನಿಯಾಗುತ್ತಾನೆ.

ಇದನ್ನು ವಿವರಿಸುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ಎಂಥ ಝೆನ್ ಹಾಸ್ಯ ಎಂದು ತಲೆದೂಗುತ್ತಾರೆ. ನಾನು ನೋಡುವುದು ಆ ಇಪ್ಪತ್ತು ಲೆವೆಲ್‌ಗಳನ್ನು. ನಾಲ್ಕು ಜನರ ತಂಡದಲ್ಲಿ ಒಬ್ಬ ಉಂಡಾಡಿ ಎಂದರೆ ಕಾಲು ಭಾಗ ಬಲ ವ್ಯರ್ಥ. ಅವನು ಜೋಕು ಹೇಳುತ್ತಿರುವಾಗ ಉಳಿದ ಮೂವರು ಏಟು ತಿನ್ನುತ್ತಾರೆ, ಸಿಕ್ಕ ಅಂಕದಲ್ಲಿ ಅವನಿಗೂ ಪಾಲು ಕೊಡುತ್ತಾರೆ. ಗ್ರಂಥದ ಬದಲಿಗೆ ಅವನು ತೆತ್ತ ಬೆಲೆ ಏನೂ ಇಲ್ಲ, ತೆತ್ತವರು ಇವರು. ನಮ್ಮ ಮನೆಗಳಲ್ಲಿ ‘ಇವನು ಯಾವತ್ತು ಉದ್ಧಾರ ಆಗ್ತಾನೋ’ ಎನ್ನುತ್ತಲೇ ತಟ್ಟೆಗೆ ಅನ್ನ ಬಡಿಸುವ ಅತ್ತಿಗೆ, ಅಣ್ಣಂದಿರನ್ನು ಕಂಡವರಿಗೆ ಈ ವ್ಯವಹಾರ ಹೊಸದಲ್ಲ. ಉದ್ಧಾರವಾಗದೇ ಉಳಿದವರೂ ಉಂಟು, ಅದು ಬೇರೆ ಮಾತು.

ಬೆಲೆಯನ್ನು ಒಬ್ಬನೇ ತೆರುವ ಮಾದರಿಯೂ ಇದೆ. 1981ರ ‘ವಿಝಾರ್ಡ್ರಿ’ಯಲ್ಲಿ ಕಸುಬು ಬದಲಿಸಿದ ಪಾತ್ರದ ವಯಸ್ಸು ಒಮ್ಮೆಗೇ ಕೆಲವು ವರ್ಷ ಏರುತ್ತದೆ. ಆ ಆಟದಲ್ಲಿ ಮುಪ್ಪು ನಿಜವಾದದ್ದು. ವಯಸ್ಸಾದಂತೆ ಗುಣಗಳು ಸೋರಿಹೋಗುತ್ತವೆ. ಕಲಿಕೆಗೆ ಆಯುಷ್ಯವೇ ಶುಲ್ಕ ಎಂದು ಇಷ್ಟು ನೇರವಾಗಿ ಹೇಳಿದ ಆಟ ನನಗೆ ಬೇರೆ ಗೊತ್ತಿಲ್ಲ.

ಈಗ ಎದುರು ವಾದಕ್ಕೆ ಬರೋಣ, ಅದು ಸಣ್ಣದಲ್ಲ. 2000ದಲ್ಲಿ ಬಂದ ‘ಡಯಾಬ್ಲೊ 2’ರಲ್ಲಿ ಒಂದು ವಿದ್ಯೆಗೆ ಹಾಕಿದ ಅಂಕವನ್ನು ತೆಗೆಯುವಂತಿರಲಿಲ್ಲ. ಆ ಅವಕಾಶ ಸಿಕ್ಕಿದ್ದು 2010ರ ಪರಿಷ್ಕರಣೆಯಲ್ಲಿ. ಹತ್ತು ವರ್ಷ ಒಂದು ತಪ್ಪು ಕ್ಲಿಕ್ ಎಂದರೆ ತಪ್ಪೇ. ಇದರಿಂದ ಆಟಗಾರರು ಹೆಚ್ಚು ಯೋಚಿಸಿ ಆಡಿದರೇ? ಇಲ್ಲ, ಜಿಪುಣರಾದರು. ಮೂವತ್ತನೇ ಲೆವೆಲ್‌ನಲ್ಲಿ ದೊಡ್ಡ ವಿದ್ಯೆ ತೆರೆಯುತ್ತದೆ ಎಂದು ಗೊತ್ತಿದ್ದವರು ಅಲ್ಲಿಯವರೆಗೆ ಬಂದ ಅಂಕಗಳನ್ನು ಖರ್ಚು ಮಾಡದೆ ಗಂಟು ಕಟ್ಟಿಟ್ಟು, ಬಡವನಂತೆ ಆಡಿದರು. ಉಳಿದವರು ಯಾರೋ ಬರೆದಿಟ್ಟ ಪಟ್ಟಿ ನೋಡಿ ಅದರಂತೆ ಅಂಕ ಹಾಕಿದರು. ಸರಿಪಡಿಸಲಾಗದ ಆಯ್ಕೆ ಆಯ್ಕೆಯನ್ನೇ ಕೊಂದಿತು. ವಾರಕ್ಕೆ ಎರಡು ಗಂಟೆ ಬಿಡುವು ಸಿಗುವ, ಮನೆಯಲ್ಲಿ ಚಿಕ್ಕ ಮಕ್ಕಳಿರುವ ಮನುಷ್ಯನಿಗೆ ‘ಮೂವತ್ತು ಗಂಟೆ ಹಿಂದೆ ತಪ್ಪಿದ್ದೀಯ, ಮೊದಲಿನಿಂದ ಆಡು’ ಎನ್ನುವುದರಲ್ಲಿ ಗಾಂಭೀರ್ಯವೇನೂ ಇಲ್ಲ. ಅರ್ಜಿಯಲ್ಲಿ ಕಾಗುಣಿತ ತಪ್ಪಿದ್ದಕ್ಕೆ ಪಿಂಚಣಿ ನಿಲ್ಲಿಸಿದ ಹಾಗೆ ಅದು.

ಹಾಗಾಗಿ 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ವಿದರ್ಸ್ ಎಂಬ ಒಣಕಲು ಹೆಣದಂಥ ಆಸಾಮಿ ಶಿಬಿರದಲ್ಲಿ ನಿಂತು 100 ಚಿನ್ನದ ನಾಣ್ಯಕ್ಕೆ ನಿಮ್ಮ ಕಸುಬನ್ನೇ ಬದಲಿಸಿಕೊಡುವುದರ ಬಗ್ಗೆ ನನಗೆ ಸಿಟ್ಟಿಲ್ಲ. ಆ ನೂರು ನಾಣ್ಯವನ್ನೂ ಅವನ ಜೇಬಿನಿಂದ ಕದ್ದು ವಾಪಸು ಪಡೆಯುವವರ ಬಗ್ಗೆಯೂ ಇಲ್ಲ. ಇದನ್ನು ಆಟಗಾರರು ‘ರೀಸ್ಪೆಕ್’ ಎನ್ನುತ್ತಾರೆ. ನನ್ನ ತಕರಾರು, ಇದನ್ನು ಕಸುಬು ಬದಲಾವಣೆ ಎಂದುಕೊಳ್ಳುವುದರ ಬಗ್ಗೆ. ವಿದರ್ಸ್ ನಿಮ್ಮನ್ನು ಬದಲಿಸುವುದಿಲ್ಲ, ನಿಮ್ಮ ಹಿಂದಿನದನ್ನು ಅಳಿಸುತ್ತಾನೆ. ನೀವು ಯಾವತ್ತೂ ಯೋಧನಾಗಿರಲೇ ಇಲ್ಲ, ಮೊದಲಿನಿಂದಲೂ ಮಾಂತ್ರಿಕನೇ. ಇದು ಎಷ್ಟು ವಿಚಿತ್ರ ಎನ್ನುವುದು ಜೊತೆಗಾರರ ಮೇಲೆ ಪ್ರಯೋಗಿಸಿದಾಗ ತಿಳಿಯುತ್ತದೆ. ಗೇಲ್ ಎಂಬವನು ಮಾಂತ್ರಿಕ. ಅವನ ಕತೆಯೆಲ್ಲ ಮಂತ್ರವಿದ್ಯೆಯ ದೇವತೆ ಮಿಸ್ಟ್ರಾಳ ಜೊತೆಗಿನ ಸಂಬಂಧ ಕೆಟ್ಟದ್ದರ ಕತೆ. ಅವನನ್ನು 100 ನಾಣ್ಯ ಕೊಟ್ಟು ಕೊಡಲಿ ಬೀಸುವ ಕಾಡುಯೋಧನನ್ನಾಗಿ ಮಾಡಬಹುದು. ಮಾಡಿದ ಮೇಲೂ ಅವನು ಮಿಸ್ಟ್ರಾಳ ಮಾತನ್ನೇ ಆಡುತ್ತಾನೆ, ಮಂತ್ರದ ಹಂಬಲವನ್ನೇ ತೋಡಿಕೊಳ್ಳುತ್ತಾನೆ. ಅವನಿಗೂ ಗೊತ್ತಿಲ್ಲ, ಪಕ್ಕದಲ್ಲಿ ನಡೆಯುವವರಿಗೂ ಗೊತ್ತಿಲ್ಲ. ಯಾರಿಗೂ ಭಾರವಾಗದ್ದರಿಂದ ಯಾರ ಗಮನಕ್ಕೂ ಬಂದಿಲ್ಲ.

ತಪ್ಪು ತಿದ್ದಿಕೊಳ್ಳಲು ಅಳಿಸುವ ರಬ್ಬರು ಬೇಕು, ಇರಲಿ. ಆದರೆ ಬಾಳಿನ ನಡುವೆ ಇನ್ನೊಬ್ಬನಾಗಲು ಹೊರಟವನಿಗೂ ಅದೇ ರಬ್ಬರನ್ನು ಕೊಟ್ಟು ಕಳಿಸಿದರೆ ಅವನು ಎಲ್ಲಿಂದ ಹೊರಟ ಎನ್ನುವುದೇ ಇಲ್ಲವಾಗುತ್ತದೆ. 1992ರ ‘ಫೈನಲ್ ಫ್ಯಾಂಟಸಿ 5’ ಇದನ್ನು ಸುಂದರವಾಗಿ ಬಲ್ಲದು. ಅಲ್ಲಿ ಕಸುಬನ್ನು ಯಾವಾಗ ಬೇಕಾದರೂ ಪುಕ್ಕಟೆಯಾಗಿ ಬದಲಿಸಬಹುದು, ಆದರೆ ಯಾವುದೂ ಅಳಿಯುವುದಿಲ್ಲ. ಯಾವ ಕಸುಬೂ ಇಲ್ಲದ, ಆಟದ ಮೊದಲಲ್ಲಿ ಎಲ್ಲರೂ ಇರುವ ಬರಿಗೈಯ ಸ್ಥಿತಿಯೊಂದಿದೆ. ಪೂರ್ತಿ ಕರಗತ ಮಾಡಿಕೊಂಡ ಕಸುಬುಗಳ ಬಲವೆಲ್ಲ ಆ ಬರಿಗೈಗೆ ಬಂದು ಸೇರುತ್ತದೆ. ಬೆಲೆ ಇಲ್ಲದೆಯೂ ನೆನಪು ಉಳಿಸಬಹುದು ಎಂಬುದಕ್ಕೆ ಇದು ಸಾಕ್ಷಿ. ನನ್ನ ವಾದಕ್ಕೆ ಇದರಿಂದ ಸ್ವಲ್ಪ ಪೆಟ್ಟು ಬೀಳುತ್ತದೆ ಎಂದು ಒಪ್ಪುತ್ತೇನೆ.

ಇನ್ನೊಂದು ಪೆಟ್ಟನ್ನು ಹಳೆಯ ಆಟಗಾರರೇ ಕೊಟ್ಟಿದ್ದಾರೆ. ‘ಬಾಲ್ಡರ್ಸ್ ಗೇಟ್ 2’ರಲ್ಲಿ ಮಾಂತ್ರಿಕ ಮಂತ್ರದ ಸುರುಳಿಯೊಂದನ್ನು ತನ್ನ ಪುಸ್ತಕಕ್ಕೆ ಬರೆದುಕೊಂಡರೆ ಅದಕ್ಕೂ ಅನುಭವಾಂಕ ಉಂಟು. ಇದನ್ನು ಕಂಡುಕೊಂಡ ಜಾಣರು ಸಿಕ್ಕಸಿಕ್ಕ ಸುರುಳಿಗಳನ್ನೆಲ್ಲ ಚೀಲದಲ್ಲಿ ತುಂಬಿಟ್ಟುಕೊಂಡು, ಕಸುಬು ಬದಲಿಸಿದ ಮರುಗಳಿಗೆಯೇ ಕೂತು ಒಂದೊಂದಾಗಿ ಬರೆದುಕೊಳ್ಳುತ್ತ ನಿಂತಲ್ಲೇ ಲೆವೆಲ್ ಏರಿಬಿಡುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಗೈಡು ಓದಿ ಪಾಸಾಗುವ ಪೈಕಿ. ದುರ್ಬಲರಾಗಿರಲು ಯಾರಿಗೂ ಇಷ್ಟವಿಲ್ಲ. ಅದನ್ನು ನಿಯಮ ಮಾಡಿದರೂ ಜನ ಸಂದಿ ಹುಡುಕುತ್ತಾರೆ. ಹಾಗಾದರೆ ನಿಯಮವೇ ಬೇಡ ಎಂದು ಹೊಸ ಆಟಗಳನ್ನು ಮಾಡುವವರು ತೀರ್ಮಾನಿಸಿದ್ದಾರೆ. ನನಗೆ ಅದು ಅವಸರದ ತೀರ್ಪು ಎನ್ನಿಸುತ್ತದೆ. ಸಂದಿಯಲ್ಲಿ ನುಸುಳಿದವರಿಗೂ ಅಲ್ಲಿ ಒಂದು ಗೋಡೆ ಇತ್ತು ಎಂದು ಗೊತ್ತಿತ್ತು.

ನಾನಂತೂ ಆಗ ಸುರುಳಿಯ ಯುಕ್ತಿ ತಿಳಿಯದೆ ನಡೆದೇ ಹೋದವನು. ಹತ್ತನೇ ಲೆವೆಲ್ ಬಂದ ದಿನ ಆಟ ಏನೂ ಸಂಭ್ರಮ ಮಾಡಲಿಲ್ಲ. ಬೂದು ಬಣ್ಣಕ್ಕೆ ತಿರುಗಿದ್ದ ಹಳೆಯ ಕಸುಬಿನ ಹೆಸರು ಮತ್ತೆ ಬೆಳಗಿತು, ಅಷ್ಟೆ. ಗೆಳೆಯ ಕುರ್ಚಿ ಎಳೆದುಕೊಂಡು ಕೂತು ‘ಈಗ ತೋರಿಸು’ ಎಂದ. ತೋರಿಸುವ ಮೊದಲು ನಾನು ಯಾಕೋ ಆಟ ಇಡುವ ಲೆಕ್ಕದ ಪುಟ ತೆರೆದೆ. ಯಾರು ಎಷ್ಟು ಜನರನ್ನು ಕೊಂದರು ಎಂದು ಅದರಲ್ಲಿ ಇರುತ್ತದೆ. ಆ ಎರಡು ವಾರದಲ್ಲಿ ನನ್ನವನ ಅಂಕಿ ಒಂದೇ ಒಂದು ಹೆಚ್ಚಾಗಿತ್ತು. ಮಿನ್ಸ್ಕ್‌ನದು ನೋಡಿ ಗೆಳೆಯ ಹೇಳಿದ, ‘ಎಲ್ಲ ಇವನೇ ಮಾಡಿದ್ದಾನಲ್ಲೋ.’